ಮನೆಯವರ ಸಾಕ್ಷಿ

ಮಂತ್ರಿಗಳು ಬಂದದ್ದು ಒಂದು ಭಾನುವಾರ, ಚರ್ಚು ಮುಗಿಸಿ ನಾವು ಊಟಕ್ಕೆ ಕೂತಿದ್ದಾಗ. ತಾಳೆ ಎಣ್ಣೆಯಲ್ಲಿ ಬೇಯಿಸಿದ ಸೊಪ್ಪು, ಹೊಗೆಯಲ್ಲಿ ಒಣಗಿಸಿದ ಮೀನು, ಅನ್ನ. ಊಟ ಮಾಡಿ ಎಂದು ಅತ್ತೆ ಕುರ್ಚಿ ಎಳೆದರು. ಅವರು ಬೇಡವೆಂದರು. ಹಸಿ ಎಲೆಯಲ್ಲಿ ಸುತ್ತಿದ ಕೋಲಾ ಕಾಯಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ತಟ್ಟೆಯ ಪಕ್ಕದಲ್ಲಿಟ್ಟರು.

ಕೋಲಾ ತಂದವರು ಏನನ್ನೋ ಕೇಳಲು ಬಂದಿರುತ್ತಾರೆ. ಪೊಟ್ಟಣ ತೆಗೆದುಕೊಂಡರೆ ಒಪ್ಪಿದ ಹಾಗೆ. ಹಿಂದಕ್ಕೆ ತಳ್ಳಿದರೆ ಇಲ್ಲವೆಂದ ಹಾಗೆ.

ಮಂತ್ರಿಗಳು ಕೇಳಿದ್ದು ಇಷ್ಟೇ. ಹಳದಿ ದೋಣಿ ಮುಳುಗಿದ ಬಗ್ಗೆ ಸರ್ಕಾರ ವಿಚಾರಣೆ ನಡೆಸಲಿದೆ. ಅದರ ಅಧ್ಯಕ್ಷರ ಕುರ್ಚಿಯಲ್ಲಿ ಮಾವ, ಜಸ್ಟಿಸ್ ಎನೋಕ್ ಡೆಕರ್, ಕೂರಬೇಕು.

"ಬೇರೆ ಯಾರು ಕೂತ್ರೂ ಜನ ಅನುಮಾನ ಪಡ್ತಾರೆ, ಜಡ್ಜ್ ಸಾಹೇಬ್ರೇ. ನಿಮ್ಮನ್ನ ಯಾರು ಅನುಮಾನಿಸ್ತಾರೆ? ನಿಮ್ಮ ಮಗನೇ ಆ ನೀರಲ್ಲಿ ಹೋದವನು."

ಆ ಮಗ ಕ್ರಿಸ್ಪಿನ್, ನನ್ನ ಗಂಡ. ಬಂದರಿನಲ್ಲಿ ದೋಣಿಗಳನ್ನು ಪರೀಕ್ಷಿಸಿ ಯೋಗ್ಯತಾಪತ್ರಕ್ಕೆ ಸಹಿ ಹಾಕುವ ಇಂಜಿನಿಯರ್ ಆಗಿದ್ದ. ಹಳದಿ ದೋಣಿ ಈ ಮಂತ್ರಿಗಳ ಭಾವಮೈದುನನದು.

ಮಾವ ಪೊಟ್ಟಣವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮಂತ್ರಿಗಳ ಕಾರು ಹೊರಟಿತು. ಮೊದಲು ಬಾಯಿ ತೆರೆದವಳು ಅಜ್ಜಿ, ಗ್ರಾನಿ ಯೆಬು, ಅತ್ತೆಯ ತಾಯಿ. ಮನೆ ಅವಳದು. ಮೇಜು ಅವಳದು. ನಾವು ಉಣ್ಣುತ್ತಿದ್ದ ತಟ್ಟೆಗಳೂ ಅವಳವೇ.

"ತಗೊಂಡಾಯ್ತಲ್ಲ. ಇನ್ನು ಊಟ ಮಾಡಿ ಅಳಿಯಂದ್ರೇ, ಆರ್ತಾ ಇದೆ."

ಮಾವ ಈ ದೇಶದವರಲ್ಲ, ಫ್ರೀಟೌನ್‌ನವರು. ಲಂಡನ್ನಿನಲ್ಲಿ ವಕೀಲಿ ಓದಿ ಊರಿಗೆ ಮರಳುತ್ತಿದ್ದಾಗ ಹಡಗು ಶೇಂಗಾ ತುಂಬಿಸಿಕೊಳ್ಳಲು ನಮ್ಮ ಬಾಂಜುಲ್‌ನಲ್ಲಿ ನಿಂತಿತಂತೆ. ಊರು ನೋಡಿ ಬರುತ್ತೇನೆಂದು ಇಳಿದವರು ಮತ್ತೆ ಹತ್ತಲಿಲ್ಲ. ಆಗ ಇಲ್ಲಿದ್ದ ಕರಿಯ ವಕೀಲರನ್ನೆಲ್ಲ ಒಂದೇ ಬೆಂಚಿನ ಮೇಲೆ ಕೂರಿಸಬಹುದಿತ್ತು. ಅಜ್ಜಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದು ಬಾಗಿಲಿಗೆ ಹೆಸರಿನ ಹಲಗೆ ಹಾಕಿದರು. ಬಾಡಿಗೆ ಕೊಡಲಾಗದೆ ಮಗಳನ್ನು ಮದುವೆಯಾದ ಎನ್ನುವುದು ಅಜ್ಜಿಯ ಮಾತು. ಅತ್ತೆ ಬೇರೆ ರೀತಿ ಹೇಳುತ್ತಾರೆ.

ಶೇಂಗಾ ಮೂಟೆ ಹೊರುವವರು ಮುಷ್ಕರ ಹೂಡಿದಾಗ ಅವರ ಪರವಾಗಿ ಬಿಟ್ಟಿ ವಾದಿಸಿ ಗೆದ್ದರು. ಆ ದಿನ ಹಮಾಲರು ಅವರನ್ನು ಕೋರ್ಟಿನಿಂದ ಈ ಮನೆಯ ಬಾಗಿಲವರೆಗೆ ಹೆಗಲ ಮೇಲೆ ಹೊತ್ತು ತಂದರು. ಅದೇ ಹೆಗಲಿನ ಮೇಲೆ ಪುರಸಭೆಗೆ, ಅಲ್ಲಿಂದ ಶಾಸನಸಭೆಗೆ ಹೋದರು. ಕೆಲವು ವರ್ಷ ಮಂತ್ರಿಯೂ ಆಗಿದ್ದರು. ಎದುರಾಳಿಗಳು ಅವರನ್ನು 'ಹಡಗಿಂದ ಬಿದ್ದವನು' ಎಂದು ಕರೆಯುತ್ತಿದ್ದರು. ಅವರು ನಗುತ್ತಿದ್ದರು. ಆಮೇಲೆ ಪಕ್ಷ ಸೋತಿತು. ಪಕ್ಷದ ಉಳಿದವರು ಮನೆಗೆ ಹೋದರು, ಮಾವ ನ್ಯಾಯಪೀಠಕ್ಕೆ ಹೋದರು. ಗೆದ್ದವರೇ ಕರೆದು ಕೂರಿಸಿದರು. ಇಲ್ಲಿ ಹುಟ್ಟಿದವರಲ್ಲವಾದ್ದರಿಂದ ಎರಡೆರಡು ವರ್ಷಕ್ಕೆ ಕರಾರು. ಅದು ಮುಗಿಯುವ ಹೊತ್ತಿಗೆ ಮಾವ ಮನೆಯಲ್ಲೂ ಮೆಲ್ಲಗೆ ಮಾತಾಡುವ ಕೆಲವು ವಾರಗಳಿರುತ್ತಿದ್ದವು. ಮಂತ್ರಿಗಳು ಕೋಲಾ ತಂದದ್ದು ಅಂಥ ವಾರದಲ್ಲಿ.

ಹಳದಿ ದೋಣಿಯ ವಿಷಯ ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಮುಳುಗುವ ಕೆಲವು ದಿನ ಮೊದಲು, ಶೇಂಗಾ ಸಾರಿನಲ್ಲಿ ಅನ್ನ ಕಲಸುತ್ತ ಕ್ರಿಸ್ಪಿನ್ ಹೇಳಿದ್ದ. ಹಲಗೆ ಹಲಗೆ ಕೊಳೆತಿದೆ, ತಳಕ್ಕೆ ಸಿಮೆಂಟು ಮೆತ್ತಿದ್ದಾರೆ, ನಾನು ಸಹಿ ಹಾಕಲ್ಲ ಎಂದ. ಮಂತ್ರಿ ಫೋನು ಮಾಡಿ ಬೈದದ್ದನ್ನೂ ಹೇಳಿದ.

"ನೀನೇನಂದೆ?" ಎಂದು ಮಾವ ಕೇಳಿದ್ದರು.

"ಆಗಲ್ಲ ಅಂದೆ. ಮನೇಲಿ ನಮ್ಮಪ್ಪಂಗೂ ಹೇಳಿದೀನಿ, ಅವರು ಜಡ್ಜು ಅಂದೆ."

"ನನ್ನನ್ನ ಯಾಕೆ ಎಳೆದೆ?"

"ನೀವಿದೀರ ಅಂತ, ಅಪ್ಪ."

ಮಾವ ನೀರು ಕುಡಿದರು. ಸಹಿ ಹಾಕಬೇಡ, ಆದರೆ ಕೂಗಾಡಲೂ ಬೇಡ ಎಂದರು.

ಕುರ್ಬಾನಿ ಹಬ್ಬದ ಹಿಂದಿನ ದಿನ ಟಗರು, ಜನ, ಮೂಟೆ ಎಲ್ಲ ತುಂಬಿಕೊಂಡು ದೋಣಿ ಆಚೆ ದಡಕ್ಕೆ ಹೊರಟಿತು. ಕ್ರಿಸ್ಪಿನ್ ತಡೆಯಲು ಓಡಿದ. ಹಗ್ಗ ಬಿಚ್ಚಿಯಾಗಿತ್ತು. ಅವನು ಕಟ್ಟೆಯಿಂದ ದೋಣಿಗೆ ಹಾರಿದ್ದನ್ನು ನೋಡಿದವರಿದ್ದಾರೆ. ನದಿಯ ನಡುವೆ ಅದು ಬಿರಿಯಿತು. ಅವನ ದೇಹ ಸಿಕ್ಕಿತು. ಎಷ್ಟೋ ಜನರದು ಸಿಗಲಿಲ್ಲ.

ಆಗ ನನ್ನ ಮಗಳು ಆಯೊ ಇನ್ನೂ ಹಾಲು ಕುಡಿಯುತ್ತಿದ್ದಳು.

*

ವಿಚಾರಣೆ ಪುರಭವನದಲ್ಲಿ ಶುರುವಾಯಿತು. ಬೆಳಿಗ್ಗೆ ಅತ್ತೆ ಮಾವನ ಕಪ್ಪು ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಅಂಬಲಿ ಕಾಯಿಸುತ್ತಿದ್ದೆ. ನಾದಿನಿ ರೆಜೀನಾ ಕನ್ನಡಿಯ ಮುಂದೆ ಜಡೆ ಹೆಣೆಯುತ್ತ, ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಎಷ್ಟು ಚಳಿ ಇರುತ್ತದೆ ಎಂದು ಕೇಳುತ್ತಿದ್ದಳು. ಅವಳಿಗೆ ವಕೀಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಬರುವುದಿತ್ತು. ಬಂದಿರಲಿಲ್ಲ.

ಮೊದಲ ವಾರ ನಾನು ಹೋಗಲಿಲ್ಲ. ಎರಡನೇ ವಾರದ ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.

"ಮಾವ, ನಾನು ಬಂದು ಹೇಳ್ತೀನಿ."

"ಏನನ್ನ?"

"ಅವನು ಸಹಿ ಹಾಕಲ್ಲ ಅಂದದ್ದನ್ನ. ಇದೇ ಮೇಜಲ್ಲಿ ಅಂದದ್ದು."

ಮಾವ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟರು. "ನೀನು ಬರೋ ಹಾಗಿಲ್ಲಮ್ಮ. ಅಧ್ಯಕ್ಷನ ಮನೆಯವರು ಅಧ್ಯಕ್ಷನ ಮುಂದೆ ಸಾಕ್ಷಿ ಹೇಳೋ ಹಾಗಿಲ್ಲ. ನಾಳೆ ಯಾರಾದ್ರೂ ಆಕ್ಷೇಪ ಎತ್ತಿದ್ರೆ ಇಡೀ ವಿಚಾರಣೆ ಬಿದ್ದುಹೋಗುತ್ತೆ."

"ನೀವೂ ಕೇಳಿಸ್ಕೊಂಡಿದ್ರಿ."

"ಎನೋಕ್ ಡೆಕರ್ ಕೇಳಿಸ್ಕೊಂಡ. ಮನೇಲಿ ಕೇಳಿದ್ದು ಕುರ್ಚಿಗೆ ಗೊತ್ತಿರಲ್ಲ."

"ಕುರ್ಚಿಗೆ ಗೊತ್ತಿರೋದು ಒಂದೇ," ಎಂದಳು ಅಜ್ಜಿ. "ಮೇಲೆ ಕೂತೋರ ತಿಕ."

ರೆಜೀನಾ ನಕ್ಕಳು. ಮಾವ ನಗಲಿಲ್ಲ.

ಮರುದಿನ ಹಿತ್ತಲಲ್ಲಿ ನಾನು ಅಕ್ಕಿ ಆರಿಸುತ್ತಿದ್ದೆ. ಅತ್ತೆ ಸೊಪ್ಪು ಹೆಚ್ಚುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ಚಾಕು ಕೆಳಗಿಟ್ಟರು.

"ಮೊಡುಪೆ, ಈ ಮಾತು ಈ ಮನೇಲಿ ಮಾತ್ರ ಗೊತ್ತಿರೋದು ಅಂತ ಆ ಮಂತ್ರಿಗೆ ಗೊತ್ತಿತ್ತು. ಹುಡುಗ ತಾನೇ ಫೋನಲ್ಲಿ ಹೇಳಿದ್ನಲ್ಲ, ಅಪ್ಪಂಗೆ ಹೇಳಿದೀನಿ ಅಂತ. ಅದಕ್ಕೇ ಕಾಯಿ ಇಲ್ಲಿಗೆ ಬಂತು. ಇವರನ್ನ ಕುರ್ಚಿ ಮೇಲೆ ಕೂರಿಸಿದ್ರೆ ನಮ್ಮೆಲ್ಲರ ಬಾಯೂ ಮುಚ್ಚಿದ ಹಾಗೆ."

ನಾನು ಅಕ್ಕಿಯಲ್ಲಿ ಸಿಕ್ಕ ಕಲ್ಲನ್ನು ಪಕ್ಕಕ್ಕಿಟ್ಟೆ. ಅದು ನನಗೆ ಹಿಂದಿನ ರಾತ್ರಿಯೇ ಹೊಳೆದಿತ್ತು. ಅತ್ತೆಯ ಬಾಯಿಂದ ಬರಲಿ ಎಂದು ಕಾದಿದ್ದೆ.

ಆ ರಾತ್ರಿ ಅತ್ತೆ ಕೇಳಿಯೇ ಬಿಟ್ಟರು. ಮಾವ ಕುರ್ಚಿಯಿಂದ ಇಳಿಯಬೇಕು, ಬೇರೆಯವರು ಕೂರಲಿ, ಆಗ ಮನೆಯವರು ಹೋಗಿ ಹೇಳಬಹುದು ಎಂದರು. ಅಜ್ಜಿಗೆ ಎಲೆಯಡಿಕೆಯ ಹಾಗೆ ಕೋಲಾ ಅಗಿಯುವ ಅಭ್ಯಾಸ. ಅಗಿಯುತ್ತ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು.

"ಇಳಿದು ಎಲ್ಲಿಗೆ ಹೋಗ್ಲಿ, ಹನ್ನಾ?"

"ಮನೆಗೆ ಬನ್ನಿ."

"ಯಾರ ಮನೆಗೆ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕರಾರು ಮುಂದುವರಿಯದಿದ್ದರೆ ತಾನು ಇಲ್ಲಿ ವಕೀಲಿಯನ್ನೂ ಮಾಡುವಂತಿಲ್ಲ, ನ್ಯಾಯಪೀಠದಿಂದ ಇಳಿದವನು ಕಕ್ಷಿದಾರರ ಪರ ನಿಲ್ಲುವಂತಿಲ್ಲ ಎಂದರು. ಫ್ರೀಟೌನ್‌ನಲ್ಲಿ ತನ್ನನ್ನು ಗುರುತು ಹಿಡಿಯುವವರು ಸ್ಮಶಾನದಲ್ಲಿದ್ದಾರೆ ಎಂದರು. ದೊಡ್ಡ ನ್ಯಾಯಾಧೀಶರ ಜಾಗ ಈ ವರ್ಷ ಖಾಲಿಯಾಗುತ್ತಿದೆ ಎಂಬುದನ್ನು ಅವರು ಹೇಳಲಿಲ್ಲ. ಅದನ್ನು ಹೇಳಿದವಳು ರೆಜೀನಾ.

"ಆ ಜಾಗಕ್ಕೆ ಅಪ್ಪನ ಹೆಸರಿದೆ. ನನ್ನ ಲಂಡನ್ನೂ ಅದರ ಜೊತೇಲೇ ಇದೆ. ಅಮ್ಮಾ, ಅಣ್ಣ ಸತ್ತಾಯ್ತು. ನಾನು ಬದುಕಿದೀನಿ."

"ಬದುಕಿದೀಯ ಅಂತ ಕಾಣ್ತಾ ಇದೆ," ಎಂದಳು ಅಜ್ಜಿ.

"ನೀವು ಸುಮ್ನಿರಿ ಗ್ರಾನಿ. ಅಣ್ಣನ ಮೇಲೆ ಯಾರೂ ತಪ್ಪು ಹೊರಿಸಿಲ್ಲ ಇನ್ನೂ."

ಅತ್ತೆ ಮಗಳ ಮುಖ ನೋಡಿದರು. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ಕೋಟಿಗೆ ಇಸ್ತ್ರಿ ಹಾಕಿಯೇ ಇತ್ತು.

*

ನಾನು ಪುರಭವನಕ್ಕೆ ಹೋದದ್ದು ಒಂದೇ ಸಲ. ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಮೀನು ಮಾರುವ ಯಾ ಸಿರಾ ಕೂತಿದ್ದಳು. ಅವಳು ಆಚೆ ದಡದವಳು. ಅವಳ ತಂಗಿ, ತಂಗಿಯ ಮಕ್ಕಳು ಆ ದೋಣಿಯಲ್ಲಿದ್ದರು. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಮೀನು ತಂದಾಗ ಆಯೊಳ ಕೈಗೆ ಒಂದು ಸಣ್ಣ ಮೀನು ಬಿಟ್ಟಿ ಕೊಡುತ್ತಿದ್ದಳು, ನಿನ್ನಪ್ಪ ನಮ್ಮವರ ಜೊತೆ ಹೋದ ಎನ್ನುತ್ತಿದ್ದಳು. ಅವತ್ತು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಉಪ್ಪುಪ್ಪಾಗಿತ್ತು.

ಬಂದರಿನ ಗುಮಾಸ್ತನೊಬ್ಬ ಎದ್ದು ದೋಣಿಯ ಯೋಗ್ಯತಾಪತ್ರವನ್ನು ಮುಂದಿಟ್ಟ. ಕೆಳಗೆ ಕ್ರಿಸ್ಪಿನ್ ಡೆಕರ್ ಎಂದು ಸಹಿ ಇದೆ ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ಯಾ ಸಿರಾ ನನ್ನ ಕೈ ಬಿಡಲಿಲ್ಲ. ಜಡ್ಜು ಕೇಳುತ್ತಾರೆ, ತಾಳು ಎಂದಳು.

ಮಾವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಮಗನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಅವನು ತನ್ನ ಹೆಸರಿನ ಕೊನೆಯ ಅಕ್ಷರವನ್ನು ಹೇಗೆ ಎಳೆಯುತ್ತಾನೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಇದು ಕಚೇರಿಯ ಕಡತದಿಂದ ತಂದದ್ದೇ?" ಎಂದು ಕೇಳಿದರು.

"ಹೌದು, ಸ್ವಾಮಿ."

"ಕೂತ್ಕೋ."

ಅಷ್ಟೇ. ಕೇಳಬಾರದ ಪ್ರಶ್ನೆ ಯಾವುದೆಂದು ತಿಳಿದವನೇ ವಕೀಲ ಎಂದು ಅವರು ರೆಜೀನಾಗೆ ಪಾಠ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಯಾ ಸಿರಾ ಇನ್ನೂ ಕಾಯುತ್ತಿದ್ದಳು. ಮುಂದಿನ ಸಾಕ್ಷಿಯನ್ನು ಕರೆದರು.

ಅವಳು ನನ್ನ ಕೈ ಬಿಟ್ಟದ್ದು ಯಾವಾಗ ಎಂದು ನನಗೆ ನೆನಪಿಲ್ಲ.

ವರದಿಯನ್ನು ರೇಡಿಯೋದಲ್ಲಿ ಓದಿದರು. ಸಂಜೆ. ನಾವು ಗೆಣಸು ಸುಲಿಯುತ್ತಿದ್ದೆವು. ದೋಣಿ ನಡೆಸುವವನು ಮಿತಿಮೀರಿ ಜನ ತುಂಬಿದ, ಪರೀಕ್ಷಿಸಬೇಕಾದ ಇಂಜಿನಿಯರ್ ಕ್ರಿಸ್ಪಿನ್ ಡೆಕರ್ ಸರಿಯಾಗಿ ಪರೀಕ್ಷಿಸದೆ ಸಹಿ ಹಾಕಿದ. ತಾನೇ ಆ ದೋಣಿ ಹತ್ತಿದ್ದರಿಂದ ಅದು ಸುರಕ್ಷಿತವೆಂದು ಅವನು ನಂಬಿದ್ದನೆಂದು ತಿಳಿಯಬೇಕು. ಇಬ್ಬರೂ ಸತ್ತಿರುವುದರಿಂದ ಮುಂದಿನ ಕ್ರಮವಿಲ್ಲ. ಮಾಲೀಕರ ಮೇಲೆ ತಪ್ಪು ಕಂಡುಬಂದಿಲ್ಲ.

ಅತ್ತೆ ರೇಡಿಯೋ ಆರಿಸಲು ಎದ್ದರು. ಅಜ್ಜಿ ಬೇಡವೆಂದಳು. "ಪೂರ್ತಿ ಕೇಳೋಣ. ಕೊನೇಲಿ ಹಾಡು ಹಾಕ್ತಾರೆ."

ಊರು ಮಾವನನ್ನು ಕೊಂಡಾಡಿತು. ಹೆತ್ತ ಮಗನನ್ನೂ ಬಿಡಲಿಲ್ಲ, ಇಂಥ ನ್ಯಾಯವಂತ ಈ ನೆಲದಲ್ಲಿ ಹುಟ್ಟಲಿಲ್ಲವಲ್ಲ ಎಂದು ಪತ್ರಿಕೆ ಬರೆಯಿತು. ಚರ್ಚಿನಲ್ಲಿ ಪಾದ್ರಿ ಅದನ್ನೇ ಪ್ರಸಂಗ ಮಾಡಿದರು. ಹಡಗಿಂದ ಬಿದ್ದವನು ಎಂದು ಆಡಿಕೊಳ್ಳುತ್ತಿದ್ದ ಹಳೆಯ ಎದುರಾಳಿಗಳು ಬಂದು ಕೈ ಕುಲುಕಿದರು. ಮುಂದಿನ ತಿಂಗಳು ಅವರು ದೊಡ್ಡ ನ್ಯಾಯಾಧೀಶರಾಗುತ್ತಾರೆಂದು ಪ್ರಕಟವಾಯಿತು. ಇನ್ನು ಕರಾರಿಲ್ಲ. ರೆಜೀನಾಳ ಲಂಡನ್ನೂ ಗಟ್ಟಿಯಾಯಿತು. ಅವಳು ಉಣ್ಣೆಯ ಕೋಟು ಹೊಲಿಸಲು ಹಾಕಿ ಬಂದು, ಅದನ್ನು ನನ್ನ ಮುಂದೆ ಹೇಳಬಾರದೆಂದು ನೆನಪಾಗಿ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು.

ವರದಿ ಓದಿದ ಮರುದಿನದಿಂದ ಯಾ ಸಿರಾ ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಆಯೊ ಗೇಟಿನ ಸರಳು ಹಿಡಿದು ಕೈ ಚಾಚಿ ನಿಂತಿದ್ದಳು. ನಾನು ಬೀದಿಗೆ ಹೋಗಿ ಕರೆದೆ.

"ನಿಮ್ಮ ಮನೆಗೆ ಮೀನಿಲ್ಲ," ಎಂದಳು. ತಲೆಯ ಮೇಲಿನ ಬುಟ್ಟಿ ತುಂಬಿತ್ತು.

"ಯಾ ಸಿರಾ, ಅವನು ಸಹಿ ಹಾಕ್ಲಿಲ್ಲ."

"ಅವನಪ್ಪನೇ ಹೇಳಿದಾನಲ್ಲಮ್ಮ. ಅಪ್ಪನಿಗಿಂತ ನಿನಗೆ ಹೆಚ್ಚು ಗೊತ್ತಾ?"

*

ಕ್ರಿಸ್ಪಿನ್ ಹೋಗಿ ವರ್ಷ ತುಂಬುತ್ತ ಬಂತು. ವರ್ಷದ ಅವುಜೋ ಮಾಡಬೇಕು, ಹಿತ್ತಲಲ್ಲಿ ಗುಂಡಿ ತೋಡಿ ಸತ್ತವರಿಗೆ ಉಣಬಡಿಸುವ ಊಟ. ಮಾವನಿಗೆ ಮೊದಲಿನಿಂದಲೂ ಇದರಲ್ಲಿ ನಂಬಿಕೆಯಿಲ್ಲ. ಆದರೆ ಈ ಸಲ ಊರಿನ ದೊಡ್ಡವರೆಲ್ಲ ಬರುತ್ತಾರೆ, ಚೆನ್ನಾಗಿಯೇ ಆಗಲಿ ಎಂದರು.

ಅವುಜೋಗೆ ಒಂದು ಕಟ್ಟುಪಾಡಿದೆ. ಜಗಳವಿರುವ ಮನೆಯ ಮಡಕೆಯಿಂದ ಸತ್ತವರು ಉಣ್ಣುವುದಿಲ್ಲ. ಒಲೆ ಹಚ್ಚುವ ಮೊದಲು ಮನೆಯವರ ಜಗಳಗಳನ್ನೆಲ್ಲ ಆಡಿ ಮುಗಿಸಬೇಕು. ಅಜ್ಜಿ ಕೋಲೂರಿಕೊಂಡು ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿದಳು. ರೆಜೀನಾ ಏನೂ ಇಲ್ಲ ಎಂದಳು. ಅತ್ತೆ ಅಲಸಂದೆ ತೊಳೆಯುತ್ತಲೇ ಇದ್ದರು. ಮಾವ ಪತ್ರಿಕೆಯಿಂದ ತಲೆ ಎತ್ತದೆ, ನನಗೆ ಯಾರ ಮೇಲೂ ದೂರಿಲ್ಲ ಎಂದರು.

"ನಿಮಗ್ಯಾಕಿರುತ್ತೆ," ಎಂದು ಅಜ್ಜಿ ನನ್ನ ಹತ್ತಿರ ಬಂದಳು. "ನಿನಗೆ?"

"ಇದೆ."

"ಹೋಗಿ ಅವರ ಮುಂದೆ ಹೇಳು."

"ಹೇಳೋ ಹಾಗಿಲ್ಲವಂತೆ, ಗ್ರಾನಿ. ಮನೆಯವಳು."

ಅಜ್ಜಿ ಕೆಂಪಾದ ಹಲ್ಲು ತೋರಿಸಿದಳು. "ಗುಂಡಿ ಹತ್ರ ಹೇಳ್ಬಹುದು. ಅಲ್ಲಿ ಕುರ್ಚಿ ಹಾಕಲ್ಲ."

ಮಂತ್ರಿಗಳು ತಂದಿದ್ದ ಕೋಲಾ ಕಾಯಿ ಇನ್ನೂ ಉಳಿದಿತ್ತು. ಸತ್ತವರನ್ನು ಪ್ರಶ್ನೆ ಕೇಳಲು ಅತ್ತೆ ಅದನ್ನೇ ತಂದರು. ಬೇಡಿಕೆಗೆ ಬಂದ ಕಾಯಿ ಸತ್ತವರ ಮುಂದೆ ಬರಬಾರದು ಎಂದು ಅಜ್ಜಿ ನನ್ನನ್ನು ಮಾರುಕಟ್ಟೆಗೆ ಕಳಿಸಿದಳು. ಒಂದು ಬಿಳಿ, ಒಂದು ಕೆಂಪು, ಮುಟ್ಟಿದರೆ ಗಟ್ಟಿಯಾಗಿರುವುದನ್ನು ಆರಿಸಿ ತಂದೆ.

ಆ ದಿನ ಬೆಳಕು ಹರಿಯುವ ಮೊದಲೇ ಎಣ್ಣೆ ಕಾದಿತ್ತು. ಅಲಸಂದೆ ವಡೆ, ಕರಿದ ಬಾಳೆ, ಕರಿದ ಗೆಣಸು, ಸೊಪ್ಪಿನ ಪಲ್ಯ, ಕೋಳಿ, ಅನ್ನ. ಕ್ರಿಸ್ಪಿನ್‌ಗೆ ವಡೆ ಸ್ವಲ್ಪ ಸೀದಿರಬೇಕಿತ್ತು. ನಾನು ಕೆಲವನ್ನು ಸೀಯಲು ಬಿಟ್ಟೆ. ಅತ್ತೆ ನೋಡಿದರು. ತಾವೂ ಒಂದು ಬಾಣಲೆ ಸೀಯಲು ಬಿಟ್ಟರು.

ಹಿತ್ತಲಿನ ಮಾವಿನ ಮರದ ಕೆಳಗೆ ಗುಂಡಿ ತೋಡಿಸಿದ್ದರು. ಮಂತ್ರಿಗಳು, ವಕೀಲರು, ಬ್ಯಾಂಕಿನ ದೊಡ್ಡವರು, ಅವರ ಹೆಂಡಂದಿರು ಒಂದೇ ಬಗೆಯ ಬಟ್ಟೆ ಹೊಲಿಸಿಕೊಂಡು ಬಂದರು. ಆಚೆ ದಡದಿಂದ ಒಬ್ಬರೂ ಬರಲಿಲ್ಲ. ಹಳೆಯ ಹಮಾಲರಲ್ಲಿ ಒಬ್ಬ ಮುದುಕ ಬಂದು, ಗೇಟಿನಲ್ಲಿ ನಿಂತ ಪೋಲೀಸರನ್ನು ನೋಡಿ ತಿರುಗಿ ಹೋದ. ತಗಡಿನ ಸೂರಿನ ಮೇಲೆ ಹದ್ದುಗಳು ಸಾಲಾಗಿ ಕೂತಿದ್ದವು. ಗುಂಡಿಯ ಅನ್ನವನ್ನು ಮೊದಲು ಅವು ತಿನ್ನಬೇಕು, ಆಮೇಲೆ ಜನ.

ಅಜ್ಜಿ ನೀರು ಸುರಿದು ತನ್ನ ಹಿರಿಯರ ಹೆಸರುಗಳನ್ನೆಲ್ಲ ಕರೆದಳು. ಕೊನೆಗೆ ಕ್ರಿಸ್ಪಿನ್ ಡೆಕರ್ ಎಂದಳು. ಡೆಕರ್ ಎನ್ನುವ ಹೆಸರು ಆ ಗುಂಡಿಯಲ್ಲಿ ಅವನದೊಂದೇ. ಕೋಲಾ ಕಾಯಿಗಳನ್ನು ಬಿಡಿಸಿ ನಾಲ್ಕು ಹೋಳು ಮಾಡಿದಳು. ಎರಡು ಅಂಗಾತ, ಎರಡು ಬೋರಲಾಗಿ ಬಿದ್ದರೆ ಹೌದು. ನಾಲ್ಕೂ ಬೋರಲಾದರೆ ಇಲ್ಲ.

"ಮಗಾ, ನಿನಗೆ ತೃಪ್ತಿ ಆಯ್ತಾ?" ಎಂದು ಎಸೆದಳು.

ನಾಲ್ಕೂ ಬೋರಲು.

ಮತ್ತೆ ಕೇಳಿದಳು. ಮತ್ತೆ ನಾಲ್ಕೂ ಬೋರಲು. ಹೆಂಗಸರು ಪಿಸುಗುಟ್ಟಿದರು. ಮಂತ್ರಿಗಳ ಹೆಂಡತಿ ಬೀಸಣಿಗೆ ನಿಲ್ಲಿಸಿದಳು. ಮಾವ ಕರಿ ಸೂಟಿನಲ್ಲಿ ಮುಂದೆ ಬಂದು ಅಜ್ಜಿಯ ಪಕ್ಕ ಮಂಡಿಯೂರಿದರು.

"ಅತ್ತೆ, ಪ್ರಶ್ನೆ ಸರಿಯಾಗಿ ಕೇಳಿ."

"ಹೇಗೆ ಕೇಳ್ಲಿ, ಹೇಳಿಕೊಡಿ."

"'ತೃಪ್ತಿ ಆಯ್ತಾ' ಅಂದ್ರೆ ಅದರಲ್ಲಿ ಹತ್ತು ಪ್ರಶ್ನೆ ಸೇರ್ಕೊಳ್ಳುತ್ತೆ. ಅಷ್ಟೆಲ್ಲ ಯಾಕೆ? 'ಬಂದಿದೀಯಾ' ಅಂತ ಮಾತ್ರ ಕೇಳಿ."

ಅಜ್ಜಿ ಅವರ ಮುಖವನ್ನೇ ನೋಡುತ್ತ ಕೇಳಿದಳು. "ಬಂದಿದೀಯಾ, ಮಗಾ?"

ಎರಡು ಅಂಗಾತ. ಎರಡು ಬೋರಲು.

ಜನ ಉಸಿರು ಬಿಟ್ಟ ಸದ್ದು ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. ಜಡ್ಜು ಸತ್ತವರಿಂದಲೂ ಉತ್ತರ ಹೊರಡಿಸುತ್ತಾರೆ ಎಂದು ವಕೀಲರಲ್ಲೊಬ್ಬರು ನಗೆಯಾಡಿದರು. ಮಾವ ಮಂಡಿಯ ಮಣ್ಣು ಕೊಡವಿಕೊಂಡರು.

ನಾನು ಹೋಗಿ ಹೋಳುಗಳನ್ನು ಎತ್ತಿಕೊಂಡೆ. ಗುಂಡಿಯ ಮುಂದೆ ಕಾಯಿ ಕೈಯಲ್ಲಿದ್ದವರನ್ನು ತಡೆಯುವ ಹಾಗಿಲ್ಲ. ಅದು ಬೀಳುವವರೆಗೆ ಯಾರೂ ಮಾತಾಡುವ ಹಾಗೂ ಇಲ್ಲ. ಮಾವ ಕೈ ಎತ್ತಿದರು, ಅಜ್ಜಿಯ ಕೋಲು ಅವರ ಮುಂದೆ ಅಡ್ಡ ಬಂತು.

"ಕ್ರಿಸ್ಪಿನ್," ಎಂದೆ. ಆ ಹೆಸರನ್ನು ನಾನು ಜೋರಾಗಿ ಕರೆದು ಒಂದು ವರ್ಷವಾಗಿತ್ತು. "ಹಳದಿ ದೋಣಿಯ ಕಾಗದಕ್ಕೆ ನೀನು ಸಹಿ ಹಾಕಿದ್ಯಾ?"

ಎಸೆದೆ. ನಾಲ್ಕೂ ಬೋರಲು.

ಮಂತ್ರಿಗಳು ಗಡಿಯಾರ ನೋಡಿಕೊಂಡರು. ಅತ್ತೆ ಸೆರಗಿನಂಥ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಮಾವ ಆ ನಾಲ್ಕು ಹೋಳುಗಳನ್ನು, ಯೋಗ್ಯತಾಪತ್ರವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಅತಿಥಿಗಳ ಕಡೆಗೆ ತಿರುಗಿ ನಕ್ಕರು.

"ಕೋಲಾ ಕಾಯಿ ಸಾಕ್ಷಿ ಅಲ್ಲ. ಊಟಕ್ಕೆ ಏಳಿ, ದಯವಿಟ್ಟು."

"ಈಗ ತಾನೇ ಆಗಿತ್ತಲ್ಲ," ಎಂದಳು ಅಜ್ಜಿ.

ಜನ ಎದ್ದರು. ಹದ್ದುಗಳು ಸೂರಿನಿಂದ ಇಳಿದು ಗುಂಡಿಯನ್ನು ಬರಿದು ಮಾಡಿದವು. ಸೀದ ವಡೆಗಳನ್ನೂ ಬಿಡಲಿಲ್ಲ. ನೋಡಿ, ಹುಡುಗ ಸ್ವೀಕರಿಸಿದ ಎಂದು ಮಂತ್ರಿಗಳ ಹೆಂಡತಿ ನನ್ನ ಭುಜ ತಟ್ಟಿ ಹೇಳಿದಳು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಪುಂಡಿ ಹೂವಿನ ಪಾನಕ ಸಾಲದೆ ರೆಜೀನಾ ಮತ್ತೆ ಕಲಸಿದಳು. ನಾನೂ ಅಜ್ಜಿಯೂ ಉಣ್ಣಲಿಲ್ಲ. ಅತ್ತೆ ಎಲ್ಲರಿಗೂ ಬಡಿಸಿ, ಕತ್ತಲಾಗುವ ಮೊದಲು ತಾವೇ ಸಲಿಕೆ ಹಿಡಿದು ಗುಂಡಿ ಮುಚ್ಚಿದರು. ಯಾರನ್ನೂ ಹತ್ತಿರ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಯಾ ಸಿರಾಳ ಕೂಗು ಕೇಳಿಸಿತು. ಹತ್ತಿರ ಬಂತು. ಆಯೊ ಗೇಟಿಗೆ ಓಡಿದಳು. ಕೂಗು ನಿಲ್ಲದೆ ಮುಂದಿನ ಮನೆಗೆ ಹೋಯಿತು.

ಮಾವ ಮೇಜಿಗೆ ಬಂದು ಕೂತರು. ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಮೇಜಿನಲ್ಲಿ ನಾವಿಬ್ಬರೇ. ಅಂಬಲಿಯ ಬಟ್ಟಲನ್ನು ಅವರ ಮುಂದಿಟ್ಟೆ. ಚಮಚ ಮುಟ್ಟಲಿಲ್ಲ.

"ಮೊಡುಪೆ, ನಿನ್ನೆ ಆ ಹೋಳುಗಳನ್ನ ಹೇಗೆ ಹಿಡಿದಿದ್ದೆ ನೀನು?"

ನಾನು ಬ್ರೆಡ್ಡು ಕತ್ತರಿಸುತ್ತಿದ್ದೆ.

"ಬೇಕಂತಲೇ ಬೋರಲು ಬೀಳೋ ಹಾಗೆ ಎಸೆದ್ಯಾ? ಅಥವಾ ತಾನಾಗೇ ಬಿತ್ತಾ? ನಿಜ ಹೇಳು. ನನಗೆ ಗೊತ್ತಾಗಬೇಕು."

ಬಾಗಿಲ ಪಕ್ಕದ ಮೊಳೆಯಲ್ಲಿ ಕಪ್ಪು ಕೋಟು ನೇತಾಡುತ್ತಿತ್ತು. ಈ ಸಲ ಅತ್ತೆ ಅದಕ್ಕೆ ಇಸ್ತ್ರಿ ಹಾಕಿರಲಿಲ್ಲ. ಹೊರಗೆ ಸರ್ಕಾರದ ಹೊಸ ಕಾರು ಬಂದು ಹಾರ್ನ್ ಹೊಡೆಯಿತು.

ಬ್ರೆಡ್ಡಿನ ತುಂಡನ್ನು ಅವರ ತಟ್ಟೆಗೆ ಹಾಕಿದೆ.

"ಮನೆಯವರು ನಿಮ್ಮ ಮುಂದೆ ಸಾಕ್ಷಿ ಹೇಳೋ ಹಾಗಿಲ್ಲ, ಮಾವ."